ಹದಿನೆಂಟು ಕೊಡ ನೀರು, ಒಂದು ವಿಲೋಮ ಕೊಸೈನ್

ನನ್ನ ಅವ್ವನಿಗೆ ಓದಲು ಬರುವುದಿಲ್ಲ, ಎಣಿಸಲು ಬರುತ್ತದೆ. ಎಂಥ ಎಣಿಕೆ ಅಂತೀರಿ! ಕೂಲಿಗೆ ಹೋದ ಹೊಲದಲ್ಲಿ ಎಷ್ಟು ಸಾಲು ಕಳೆ ತೆಗೆದೆವು, ಪೈರಿನ ಎಷ್ಟು ಸಿವುಡು ಕಟ್ಟಿದೆವು ಎಂದು ಸಂಜೆ ಕೇಳಿದರೆ ನಿಂತಲ್ಲೇ ಹೇಳುತ್ತಿದ್ದಳು. ದೊಡ್ಡ ಲೆಕ್ಕವಿದ್ದರೆ ಸೆರಗಿನ ಗಂಟಿನಲ್ಲಿ ತೊಗರಿ ಕಾಳು ಇಟ್ಟುಕೊಳ್ಳುವಳು. ಒಂದಕ್ಕೆ ಒಂದು ಕಾಳು, ಹಿತ್ತಾಳೆ ಬಟ್ಟಲಿಗೆ ಟಣ್ ಎಂದು ಬೀಳಬೇಕು. ಅಂಥ ಅವ್ವನ ಲೆಕ್ಕವನ್ನು ಊರ ಮುಂದೆ ತಪ್ಪು ಎಂದು ಸಾರಿದವಳು ನಾನು. ಅದು ತಪ್ಪಾಗಿರಲಿಲ್ಲ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ, ಒಂದು ಲ್ಯಾಪ್‌ಟಾಪ್ ಮತ್ತು ಕೊಸೈನಿನ ವಿಲೋಮ ಬೇಕಾದವು. ಇದನ್ನು ಬರೆಯುವಾಗ ಅಕ್ಷರ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮೂರು ಆಳಂದ ತಾಲ್ಲೂಕಿನಲ್ಲಿ, ಸರಸಂಬಾದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಬೇಸಿಗೆ ಏರಿದರೆ ನಳ ಒಣಗುತ್ತದೆ, ಟ್ರ್ಯಾಕ್ಟರ್ ಹಿಂದೆ ನೀರಿನ ಟ್ಯಾಂಕರ್ ಬರುತ್ತದೆ. ಉದ್ದಕ್ಕೆ ಮಲಗಿಸಿದ ಗುಂಡನೆಯ ಟ್ಯಾಂಕ್ ಅದು, ಐದು ಸಾವಿರ ಲೀಟರಿನದು. ಊರಿನ ಮನೆಗಳಲ್ಲಿ ಮುಕ್ಕಾಲು ಪಾಲು ಅಗಸಿಯ, ಅಂದರೆ ಊರಬಾಗಿಲಿನ, ಸುತ್ತ ಇವೆ, ಕಾಲು ಪಾಲು ನಮ್ಮ ಓಣಿಯಲ್ಲಿ. ನಮ್ಮದು ಬೌದ್ಧರ ಓಣಿ, ಊರಿನ ತುದಿಯಲ್ಲಿ, ಸಣ್ಣ ವಿಹಾರದ ಹಿಂದೆ. ಆದ್ದರಿಂದ ಹಿರಿಯರು ಮಾಡಿದ ನಿಯಮ ಸರಳವಾಗಿತ್ತು. ಟ್ಯಾಂಕರ್ ಮೊದಲು ಅಗಸಿಯಲ್ಲಿ ನಿಂತು ಮುಕ್ಕಾಲು ನೀರು ಕೊಡಬೇಕು, ಉಳಿದ ಕಾಲು ನಮ್ಮ ಓಣಿಗೆ ಬರಬೇಕು.

ಕಾಲು ಉಳಿಯಿತು ಎಂದು ಗೊತ್ತಾಗುವುದು ಹೇಗೆ? ಅದಕ್ಕೊಂದು ಕೋಲಿತ್ತು. ಊರಿಗೆ ನೀರು ಬಿಡುವ ಕೆಲಸದ ಕಾಕಾ ಒಬ್ಬರಿದ್ದರು, ಸಿಡುಕು ಮುಖದ, ಆದರೆ ಒಂದು ಹನಿಯ ಮೋಸವನ್ನೂ ಅರಿಯದ ಮನುಷ್ಯ. ಬಿದಿರಿನ ಕೋಲು ಕಡಿದು ತಂದವರು ಅವರೇ. ಟ್ಯಾಂಕಿನ ತಳದಿಂದ ನೆತ್ತಿಯವರೆಗೆ ಒಂದು ದಾರ ಹಿಡಿದು, ಆ ದಾರವನ್ನು ಎರಡು ಸಲ ಮಡಚಿ, ಮಡಚಿದ ಉದ್ದಕ್ಕೆ ಸರಿಯಾಗಿ ಕೋಲಿನ ಮೇಲೆ ಕುಡುಗೋಲಿನಿಂದ ಗೀರು ಹಾಕಿದ್ದರು. ನಾಲ್ಕು ಸಮಪಾಲು. ಅಗಸಿಯಲ್ಲಿ ನೀರು ಬಿಡುತ್ತ ಆಗಾಗ ಮೇಲೆ ಹತ್ತಿ ಕೋಲು ಇಳಿಸುವರು. ಒದ್ದೆ ಕೆಳಗಿನ ಗೀರಿಗೆ ಬಂತೋ, "ಸಾಕ್ರೆಪಾ, ಬಂದ್ ಮಾಡ್ರಿ!" ಎಂದು ಕೂಗುವರು. ಆಮೇಲೆ ದೇವರೇ ಬಂದು ಕೇಳಿದರೂ ಅಗಸಿಯಲ್ಲಿ ಒಂದು ಚೊಂಬು ನೀರು ಹೆಚ್ಚು ಸಿಗುತ್ತಿರಲಿಲ್ಲ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಓಣಿಯಲ್ಲಿ ಒಂದು ಮದುವೆ ಆಯಿತು. ಅದಕ್ಕಾಗಿ ಅದೇ ಟ್ಯಾಂಕರ್ ಪೂರ್ತಿ ತುಂಬಿಕೊಂಡು ನೇರವಾಗಿ ನಮ್ಮಲ್ಲಿಗೇ ಬಂತು. ಅವ್ವ ಸುಮ್ಮನೆ ಕೂತಾಳೆಯೇ? ಬಟ್ಟಲು ಹಿಡಿದು ಕೂತಳು. ಮುನ್ನೂರ ಮೂವತ್ಮೂರು ಕೊಡ. ಮನೆಗೆ ಬಂದು ಕಾಳುಗಳನ್ನು ನಾಲ್ಕು ಗುಡ್ಡೆ ಮಾಡಿದಳು. ಗುಡ್ಡೆಗೆ ಎಂಬತ್ಮೂರು, ಒಂದು ಕಾಳು ಉಳಿಯಿತು. ಮರುದಿನ ಎಂದಿನಂತೆ ಪಾಲಿನ ನೀರು ಬಂದಾಗ ಮತ್ತೆ ಎಣಿಸಿದಳು. ಅರವತ್ತೈದು ಕೊಡಕ್ಕೆ ಪೈಪು ಗೊರಗೊರ ಎಂದಿತು. ಅದರ ಮರುದಿನವೂ ಅರವತ್ತೈದು. ಒಂದು ವಾರ ಎಣಿಸಿ, ಎಂಟನೆಯ ದಿನ ಕೊಡ ಸೊಂಟಕ್ಕಿಟ್ಟುಕೊಂಡು ಅಗಸಿಗೇ ನಡೆದಳು.

"ನಮ್ಮ ಪಾಲಿನಾಗ ಹದಿನೆಂಟು ಕೊಡ ಕಮ್ಮಿ ಬರಾಕತ್ತಾವ ನೋಡ್ರಿ," ಎಂದಳು.

ಕಾಕಾ ಟ್ಯಾಂಕರಿನ ಮೇಲಿದ್ದರು. ಅವರ ಮುಖ ಕಪ್ಪಿಟ್ಟಿತು. "ಕೋಲು ನಿಮ್ಮ ಕಣ್ಣ ಮುಂದ ಇಳಸ್ತೇನಿ. ನಾ ಏನ್ ನೀರು ಕುಡದೇನಿ ಅಂತೀಯೇನಬೇ?"

"ನಿಮಗ ಅಂದಿಲ್ಲ ನಾ. ನೀರು ಕಮ್ಮಿ ಅದ ಅಂದೀನಿ."

"ಇವರದು ಯಾವಾಗ್ಲೂ ಕಮ್ಮೀನೇ," ಎಂದು ಯಾರೋ ನಕ್ಕರು. ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಗಲಾಟೆ ಏರಿತು. ಅಷ್ಟರಲ್ಲಿ ಶಾಲೆಯಿಂದ ಬರುತ್ತಿದ್ದ ನನ್ನ ಮೇಲೆ ಕಾಕಾನ ಕಣ್ಣು ಬಿತ್ತು. ನಾನು ಗಣಿತದಲ್ಲಿ ಜಾಣೆ ಎಂದು ಊರಲ್ಲೆಲ್ಲ ಹೆಸರಾಗಿತ್ತು. "ಆಕಿನ್ನೇ ಕರೀರಿ, ಈಕಿ ಮಗಳನ್ನೇ! ಕೋಲು ಅಳೀಲಿ. ಗೀರು ಹೆಚ್ಚು ಕಡಿಮಿ ಇದ್ರ ಇವತ್ತೇ ಈ ಕೆಲಸ ಬಿಡ್ತೇನಿ," ಎಂದರು.

ಹತ್ತು ಮಂದಿ ದಾರಿ ಬಿಟ್ಟರು. ನನಗೋ ಹೆಮ್ಮೆ, ಮಣಗಟ್ಟಲೆ ಹೆಮ್ಮೆ! ಕಂಪಾಸ್ ಬಾಕ್ಸಿನಿಂದ ಸ್ಕೇಲ್ ತೆಗೆದೆ. ಕೋಲನ್ನು ಕಟ್ಟೆಯ ಮೇಲೆ ಮಲಗಿಸಿ ಅಳೆದೆ. ಒಂದೊಂದು ಗೀರಿನ ನಡುವೆಯೂ ಹದಿನಾಲ್ಕು ಇಂಚು, ಒಟ್ಟು ಐವತ್ತಾರು. ಎರಡನೆಯ ಸಲ ಅಳೆದೆ. ಕೂದಲೆಳೆಯ ಫರಕಿಲ್ಲ. ಎದ್ದು ನಿಂತು, ತರಗತಿಯಲ್ಲಿ ಉತ್ತರ ಹೇಳುವ ದನಿಯಲ್ಲೇ ಹೇಳಿದೆ. "ಕೋಲು ಬರೋಬರ್ ಅದ. ಅವ್ವ ತಪ್ಪು ಎಣಿಸ್ಯಾಳ."

ಅವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಬಟ್ಟಲಿನಲ್ಲಿದ್ದ ಎಣಿಕೆಯ ಕಾಳನ್ನೆಲ್ಲ ಒಡೆದು ಬೇಳೆಯ ಜೊತೆ ಕುದಿಯಲು ಹಾಕಿದಳು. ಅಂದಿನಿಂದ ಅವಳು ಆ ಟ್ಯಾಂಕರಿನ ಪೈಪಿನ ಕೆಳಗೆ ತನ್ನ ಕೊಡ ಇಡಲಿಲ್ಲ. ಮಟಕಿ ಊರಿನ ಹಾದಿಯಲ್ಲಿ ಯಾರದೋ ಹೊಲದ ಬಾವಿಯಿದೆ, ಅಲ್ಲಿಗೆ ಹೋಗಿ ಹೊತ್ತು ತರುತ್ತಿದ್ದಳು. ನಾನು ಓದಿದೆ, ಡಿಗ್ರಿ ಮುಗಿಸಿದೆ, ದುಡಿಯಲು ತೊಡಗಿದೆ, ಮನೆಗೆ ಫಿಲ್ಟರ್ ತಂದೆ. ಪ್ರತಿ ಬೇಸಿಗೆಯಲ್ಲೂ ಅವಳು ಮಾತ್ರ ಬಾವಿಗೇ ಹೋದಳು. ಹಟಮಾರಿ ಎಂದು ನಾನೂ ಗೊಣಗುತ್ತಿದ್ದೆ.

ಈಗ ನಾನು ಇರುವುದು ಆಳಂದದಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ ಮೆಟ್ಟಿಲು ಹತ್ತಿದರೆ ಒಂದು ಕೋಣೆ, ಅದರಲ್ಲಿ ಒಂದು ಮೇಜು, ಒಂದು ಕೂಲರ್ ಮತ್ತು ನಾನು. ಮೂರು ತಾಲ್ಲೂಕಿನ ಜನರಿಗೆ ವೆಬ್ ಅಪ್ಲಿಕೇಶನ್ ಮಾಡಿಕೊಡುತ್ತೇನೆ. ಮದುವೆ ಹಾಲ್ ಬುಕ್ಕಿಂಗ್, ತೊಗರಿ ದರ ತೋರಿಸುವ ಪುಟ, ಟ್ಯೂಶನ್ನಿನ ಹಾಜರಿ ಪಟ್ಟಿ, ಏನು ಕೇಳಿದರೂ ಹೂಂ ಅನ್ನುವುದು, ಆಮೇಲೆ ತಲೆ ಕೆರೆದುಕೊಳ್ಳುವುದು. ಹೋದ ಬೇಸಿಗೆಯಲ್ಲಿ ಅಫಜಲಪುರದಿಂದ ಒಂದು ಕೆಲಸ ಬಂತು. ರಸ್ತೆ ಕೆಲಸಕ್ಕೆ, ಮದುವೆಗಳಿಗೆ ನೀರಿನ ಟ್ಯಾಂಕರ್ ಕಳಿಸುವವರು. ಅವರ ಡ್ರೈವರುಗಳು ಟ್ಯಾಂಕಿನಲ್ಲಿ ಕೋಲು ಇಳಿಸಿ, ಎಷ್ಟು ಇಂಚು ಒದ್ದೆಯಾಯಿತು ಎಂದು ಫೋನಿನಲ್ಲಿ ಒತ್ತಬೇಕು. ಎಷ್ಟು ಲೀಟರ್ ಇದೆ ಎಂದು ಪುಟ ತೋರಿಸಬೇಕು, ಜೊತೆಗೆ ನೀರಿನ ಚಿತ್ರವೂ ಏರಿಳಿಯಬೇಕು.

ಇದು ಯಾವ ಮಹಾ ಕೆಲಸ ಎಂದುಕೊಂಡೆ. ಎತ್ತರವನ್ನು ವ್ಯಾಸದಿಂದ ಭಾಗಿಸು, ಐದು ಸಾವಿರದಿಂದ ಗುಣಿಸು. ಒಂದೇ ಸಾಲಿನ ಕೋಡ್. ಚಿತ್ರದಲ್ಲಿ ಒಂದು ಚೌಕ, ಅದರೊಳಗೆ ನೀಲಿ ಬಣ್ಣ ಏರಿದರಾಯಿತು. ಎರಡು ದಿನದಲ್ಲಿ ಮುಗಿಸಿ ಬಸ್ ಹತ್ತಿ ಅಫಜಲಪುರಕ್ಕೆ ಹೋದೆ.

ಅಲ್ಲಿ ನೀರು ತುಂಬಿಸುವ ಜಾಗದಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದರು. ಅವರ ಪಂಪಿಗೆ ಎಷ್ಟು ಲೀಟರ್ ಹೋಯಿತೆಂದು ತೋರಿಸುವ ಮೀಟರ್ ಇತ್ತು. ಖಾಲಿ ಟ್ಯಾಂಕಿಗೆ ನೀರು ಬಿಟ್ಟು, ಕೋಲಿನಲ್ಲಿ ಹದಿನಾಲ್ಕು ಇಂಚು ಬಂದಾಗ ಪಂಪ್ ನಿಲ್ಲಿಸಿದರು. ನಾನು ಫೋನಿನಲ್ಲಿ ಹದಿನಾಲ್ಕು ಒತ್ತಿದೆ. ಪುಟ ಠೀವಿಯಿಂದ ಸಾವಿರದ ಇನ್ನೂರ ಐವತ್ತು ಎಂದಿತು.

ಮೇಸ್ತ್ರಿ ಮೀಟರ್ ನೋಡಿ, ನನ್ನ ಫೋನ್ ನೋಡಿ, ಮತ್ತೆ ಮೀಟರ್ ನೋಡಿದರು. "ಮೇಡಂ, ನಿಮ್ಮ ಪುಟ ಸುಳ್ಳು ಹೇಳಾಕತ್ತದ. ಹೋಗಿದ್ದು ಒಂಬೈನೂರಾ ಎಪ್ಪತ್ತೇಳು."

"ಮೀಟರ್ ಕೆಟ್ಟಿರಬೇಕ್ರಿ," ಎಂದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

"ಮೀಟರ್ ಮೊನ್ನೆ ಹಾಕ್ಸೀವ್ರಿ. ಬೇಕಾದ್ರ ಡಬ್ಬಿಲೆ ಅಳದ್ ನೋಡ್ರಿ."

"ಹದಿನಾಲ್ಕು ಅಂದ್ರ ಐವತ್ತಾರರೊಳಗ ಕಾಲು ಭಾಗ. ಐದು ಸಾವಿರದಾಗ ಕಾಲು ಎಷ್ಟ್ರಿ? ಸಣ್ಣ ಹುಡುಗರ ಲೆಕ್ಕ ಇದು!"

ಮೇಸ್ತ್ರಿ ಟ್ಯಾಂಕಿನ ಹಿಂಬದಿಯ ದುಂಡು ಮುಖದ ಮೇಲೆ, ತಳದಿಂದ ಹದಿನಾಲ್ಕು ಇಂಚಿಗೆ ಒಂದು ಸೀಮೆಸುಣ್ಣದ ಗೆರೆ ಅಡ್ಡಕ್ಕೆ ಎಳೆದರು. "ಕೆಳಗ ನೋಡ್ರಿ. ಹೊಟ್ಟಿ ಇಲ್ಲಿ ಸಣ್ಣದಾಗ್ತದ. ನಡುವಿನಷ್ಟು ನೀರು ತಳದಾಗ ಹೆಂಗ್ ಹಿಡೀತದ್ರಿ?"

ನೋಡಿದೆ. ಗೆರೆಯ ಕೆಳಗಿದ್ದದ್ದು ತಟ್ಟೆಯ ಅಂಚಿನಂಥ ತೆಳ್ಳನೆಯ ತುಣುಕು. ಅದು ಕಾಲು ಭಾಗವಲ್ಲ ಎಂದು ಕುರುಡರೂ ಹೇಳಬಹುದಿತ್ತು.  ದುಂಡನೆಯ ಟ್ಯಾಂಕನ್ನು ಚೌಕವೆಂದು ಭಾವಿಸಿ ಲೆಕ್ಕ ಮಾಡಿದ್ದೆ, ಚಿತ್ರವನ್ನೂ ಚೌಕವೇ ಬರೆದಿದ್ದೆ! ಅಲ್ಲೇ ಬೇವಿನ ಗಿಡದ ಕೆಳಗೆ ಸಿಮೆಂಟ್ ಚೀಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ.

ಕೆಲಸ ಇಷ್ಟು. ದುಂಡು ಮುಖದ ನಡುಬಿಂದುವಿನಿಂದ ನೀರಿನ ಮಟ್ಟ ಎಷ್ಟು ಕೆಳಗಿದೆ ಎಂದು ಕೋಲಿನಿಂದ ಗೊತ್ತು. ಅದನ್ನು ತ್ರಿಜ್ಯದಿಂದ ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ಶಾಲೆಯಲ್ಲಿ ಕೋನ ಕೊಟ್ಟು ಕೊಸೈನ್ ಎಷ್ಟು ಎಂದು ಕೇಳುತ್ತಿದ್ದರು. ಇಲ್ಲಿ ಉಲ್ಟಾ. ಕೊಸೈನ್ ಇಷ್ಟು, ಕೋನ ಎಷ್ಟು ಎಂದು ಕೇಳಬೇಕು. ಅದೇ ವಿಲೋಮ ಕೊಸೈನ್. ಆ ಕೋನ ಸಿಕ್ಕರೆ ನೀರಿರುವ ತುಣುಕಿನ ಕ್ಷೇತ್ರಫಲ ಸಿಗುತ್ತದೆ, ಅದನ್ನು ಟ್ಯಾಂಕಿನ ಉದ್ದದಿಂದ ಗುಣಿಸಿದರೆ ನೀರು. ಪಿಯುಸಿಯಲ್ಲಿ ಇದನ್ನು ಕಲಿಸಿದ ಸರ್, "ಇದು ಪರೀಕ್ಷಾಕ್ಕ ಬರ್ತದ, ಬಾಳೇದಾಗ ಬರಂಗಿಲ್ಲ," ಎಂದು ನಗಿಸಿದ್ದರು. ಬಂತಲ್ಲ ಸರ್, ಬಾಳ್ವೆಯಲ್ಲೇ ಬಂತಲ್ಲ!

ಮೊದಲ ಸಲ ಓಡಿಸಿದಾಗ ತೊಂಬತ್ತು ಸಾವಿರ ಲೀಟರಿಗೂ ಹೆಚ್ಚು ಬಂತು. ಭೀಮಾ ನದಿಯೇ ಬಂದು ಆ ಟ್ಯಾಂಕಿನಲ್ಲಿ ಕೂತಂತೆ. ಕೋನವನ್ನು ಡಿಗ್ರಿಗೆ ಬದಲಿಸಿ ಸೂತ್ರಕ್ಕೆ ಹಾಕಿದ್ದೆ. ಅದಕ್ಕೆ ರೇಡಿಯನ್ ಬೇಕು, ಬ್ರೌಸರ್ ಕೊಡುವುದೂ ರೇಡಿಯನ್ನನ್ನೇ. ನಾನೇ ಅಧಿಕಪ್ರಸಂಗ ಮಾಡಿದ್ದೆ. ಆ ಸಾಲು ಅಳಿಸಿ ಮತ್ತೆ ಓಡಿಸಿದೆ. ಒಂಬೈನೂರ ಎಪ್ಪತ್ತೇಳು! ಮೀಟರಿನ ಅಂಕಿಯೇ! ಚೀಲದ ಮೇಲಿಂದ ಎದ್ದು ಕೂಗಿಯೇಬಿಟ್ಟೆ. ಮೇಸ್ತ್ರಿ ಬೀಡಿ ಕೆಳಗಿಟ್ಟು ಓಡಿ ಬಂದರು, ಹಾವು ಕಂಡಿತೆಂದು.

ಖುಷಿಯಲ್ಲಿ ಕೋನವನ್ನೂ ಪರದೆಯ ಮೇಲೆ ತರಿಸಿ ನೋಡಿದೆ. ಅರವತ್ತು ಡಿಗ್ರಿ. ಸರಿಯಾಗಿ ಅರವತ್ತು. ಕಾಲು ಎತ್ತರಕ್ಕೆ ನೀರಿದ್ದರೆ ಅನುಪಾತ ಅರ್ಧ, ಕೊಸೈನ್ ಅರವತ್ತು ಅರ್ಧ. ಹತ್ತನೆಯ ತರಗತಿಯಲ್ಲಿ ಕುಣಿಕುಣಿದು ಬಾಯಿಪಾಠ ಮಾಡಿದ್ದೆನಲ್ಲ ಎಂದುಕೊಂಡೆ. ಹತ್ತನೆಯ ತರಗತಿ. ಐವತ್ತಾರು ಇಂಚು. ಗೀರಿನಿಂದ ಗೀರಿಗೆ ಹದಿನಾಲ್ಕು. ಐದು ಸಾವಿರ ಲೀಟರ್.

 ಬರಬೇಕಾದ ಸಾವಿರದ ಇನ್ನೂರ ಐವತ್ತರಲ್ಲಿ ಬಂದದ್ದು ಒಂಬೈನೂರ ಎಪ್ಪತ್ತೇಳು. ಕಡಿಮೆಯಾದದ್ದು ಇನ್ನೂರ ಎಪ್ಪತ್ಮೂರು. ಪ್ಲಾಸ್ಟಿಕ್ ಕೊಡಕ್ಕೆ ಹದಿನೈದು ಲೀಟರ್. ಭಾಗಿಸಿದೆ. ಹದಿನೆಂಟು, ಮೇಲೆ ಒಂದಿಷ್ಟು.

ಹದಿನೆಂಟು ಕೊಡ. ಓದಲು ಬಾರದ ಅವ್ವ ತೊಗರಿ ಕಾಳು ಹಿಡಿದು ಹೇಳಿದ ಅದೇ ಹದಿನೆಂಟು. ಸ್ಕೇಲ್ ಹಿಡಿದ ಜಾಣ ಮಗಳು ಸುಳ್ಳು ಮಾಡಿದ ಹದಿನೆಂಟು! ನಾನು ಕೋಲನ್ನು ಅಳೆದಿದ್ದೆ, ಟ್ಯಾಂಕಿನ ಹೊಟ್ಟೆಯನ್ನು ನೋಡಿಯೇ ಇರಲಿಲ್ಲ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮೇಸ್ತ್ರಿ ಗಾಬರಿಯಾಗಿ, "ಯಾಕ್ರೀ ಮೇಡಂ, ಲೆಕ್ಕ ಸರಿ ಬಂದದ್ದಕ್ಕ ಅಳಾಕತ್ತೀರಲ್ಲ," ಎಂದು ನೀರು ತಂದುಕೊಟ್ಟರು.

ಆಗಲೇ ಊರಿಗೆ ಓಡಬೇಕೆನಿಸಿತು. ಆದರೆ ಈ ಸಲ ಅವಸರ ಬೇಡ ಎಂದು ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡೆ. ಒಂದು ಸಲ ಅರೆಬರೆ ಅಳೆದು ಊರ ಮುಂದೆ ಮಾತಾಡಿದ್ದು ಸಾಕಾಗಿತ್ತು. ನಮ್ಮೂರಿನ ಟ್ಯಾಂಕ್ ತಯಾರಾದದ್ದು ಜೇವರ್ಗಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಎಂದು ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿ ತಿಳಿದುಕೊಂಡೆ. ಅಫಜಲಪುರದವರ ಟ್ಯಾಂಕುಗಳೂ ಅಲ್ಲಿಯವೇ. ವಾರದೊಳಗೆ ಕಲಬುರಗಿಯಲ್ಲಿ ಬಸ್ ಬದಲಿಸಿ ಜೇವರ್ಗಿಗೆ ಹೋದೆ.

ಅಂಗಡಿಯ ವೆಲ್ಡರ್ ಕಣ್ಣಿನ ಕಪ್ಪು ಗಾಜು ಮೇಲೆತ್ತಿ ನನ್ನ ಮಾತು ಕೇಳಿದ. ರಿಪೇರಿಯಾಗಿ, ಸೋರಿಕೆ ನೋಡಲು ನೀರು ತುಂಬಿಸಿಟ್ಟಿದ್ದ ಟ್ಯಾಂಕಿನ ಯಡ್ರಾಮಿಯ ಡ್ರೈವರ್ ಒಬ್ಬ ಅಲ್ಲಿದ್ದ. ಅವನ ಕೈಯಲ್ಲೇ ಪುಟ ಪರೀಕ್ಷಿಸೋಣ ಎಂದು ಫೋನ್ ಕೊಟ್ಟೆ. ಅವನು ಕೋಲು ಇಳಿಸಿ ಅರವತ್ತೆರಡು ಎಂದು ಒತ್ತಿದ. ಪುಟದಲ್ಲಿ ಲೀಟರಿನ ಜಾಗದಲ್ಲಿ, ಇದು ಸಂಖ್ಯೆಯೇ ಅಲ್ಲ ಎಂದು ಹೇಳುವ ಮೂರು ಇಂಗ್ಲಿಷ್ ಅಕ್ಷರಗಳು ಬಂದವು.

"ಕೆಟ್ಟತೇನ್ರಿ ಅಕ್ಕೋರೆ?" ಎಂದ ಡ್ರೈವರ್.

ಕೆಟ್ಟಿರಲಿಲ್ಲ. ಮುಚ್ಚಳದ ಕೆಳಗೆ ಆರು ಇಂಚಿನ ಕುತ್ತಿಗೆಯಿದೆ. ಟ್ಯಾಂಕ್ ಗಂಟಲವರೆಗೆ ತುಂಬಿದ್ದರಿಂದ ಅವನ ಕೋಲು ಕುತ್ತಿಗೆಯ ನೀರನ್ನೂ ಸೇರಿಸಿ ತೋರಿಸಿತ್ತು. ಅಷ್ಟು ದೊಡ್ಡ ಅನುಪಾತಕ್ಕೆ ಯಾವ ಕೋನವೂ ಇಲ್ಲ. ಒಂದಕ್ಕಿಂತ ಹೆಚ್ಚು, ಅಥವಾ ಋಣ ಒಂದಕ್ಕಿಂತ ಕಡಿಮೆ ಕೊಟ್ಟರೆ ವಿಲೋಮ ಕೊಸೈನ್ ಬಾಯಿ ಮುಚ್ಚಿ ಕೂರುತ್ತದೆ. ನನಗಂತೂ ಅದರ ಮೇಲೆ ಗೌರವವೇ ಹುಟ್ಟಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಬುದ್ಧಿ ಹತ್ತನೆಯ ತರಗತಿಯ ನನಗೆ ಇರಲಿಲ್ಲ. ಐವತ್ತಾರು ದಾಟಿದರೆ 'ಟ್ಯಾಂಕ್ ಪೂರ್ತಿ ತುಂಬಿದೆ' ಎಂದು ಬರುವಂತೆ ಒಂದು ಸಾಲು ಸೇರಿಸಿದೆ. ವೆಲ್ಡರ್ ನಮ್ಮೂರಿಗೆ ಕೊಟ್ಟ ಅಳತೆಯದೇ ಒಂದು ಖಾಲಿ ಟ್ಯಾಂಕಿನ ಒಳಗಿನ ವ್ಯಾಸ, ಉದ್ದ ಎರಡನ್ನೂ ಟೇಪಿನಲ್ಲಿ ಅಳೆದು ತೋರಿಸಿದ. ನನ್ನ ಲೆಕ್ಕ ತಾಳೆಯಾಯಿತು.

ಇನ್ನೊಂದೇ ಉಳಿದಿತ್ತು. ನಿಜವಾದ ಕಾಲು ಭಾಗಕ್ಕೆ ಗೀರು ಎಲ್ಲಿ ಹಾಕಬೇಕು? ಎತ್ತರ ಕೊಟ್ಟರೆ ನೀರು ಹೇಳುವ ಸೂತ್ರವಿದೆ. ನೀರು ಕೊಟ್ಟು ಎತ್ತರ ಕೇಳಿದರೆ ನೇರ ಉತ್ತರವಿಲ್ಲ. ಸಂತೆಯ ಚೌಕಾಸಿಯಂತೆ ಮಾಡಬೇಕು. ಹದಿನಾಲ್ಕು ಅಂದರೆ ಕಡಿಮೆ, ಇಪ್ಪತ್ತೊಂದು ಅಂದರೆ ಹೆಚ್ಚು, ನಡುವೆ ಹದಿನೇಳೂವರೆ ಅಂದರೆ ಇನ್ನೂ ಚೂರು ಹೆಚ್ಚು. ಹೀಗೆ ಕಂಪ್ಯೂಟರ್ ನಡುವೆ ನಡುವೆ ಇಳಿದು ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಟ್ಟಿತು. ಹದಿನಾರೂ ಮುಕ್ಕಾಲು ಇಂಚಿಗೆ ಕೂದಲಷ್ಟು ಕಡಿಮೆ. ಅಂದರೆ ಹಳೆಯ ಗೀರಿಗಿಂತ ಎರಡೂ ಮುಕ್ಕಾಲು ಇಂಚು ಮೇಲೆ. ನಮ್ಮ ಓಣಿಯ ನೀರು ಅಷ್ಟು ವರ್ಷ ಕೂತಿದ್ದದ್ದು ಆ ಎರಡೂ ಮುಕ್ಕಾಲು ಇಂಚಿನಲ್ಲಿ.

ಊರಿಗೆ ಹೋದದ್ದು ಭಾನುವಾರ ಬೆಳಿಗ್ಗೆ. ಮೊದಲು ಕಾಕಾನ ಮನೆಗೇ ಹೋದೆ. ಈಗ ವಯಸ್ಸಾದ ಅವರನ್ನು ಊರೆಲ್ಲ ಮುತ್ಯಾ, ಅಂದರೆ ಅಜ್ಜ, ಎನ್ನುತ್ತದೆ. ಕೆಲಸ ಬಿಟ್ಟಿದ್ದರೂ ಬೇಸಿಗೆಯ ಕೋಲನ್ನು ಮಾತ್ರ ಯಾರ ಕೈಗೂ ಕೊಟ್ಟಿರಲಿಲ್ಲ. ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ನಾನು ಲ್ಯಾಪ್‌ಟಾಪ್ ತೆರೆದು, ದುಂಡು ಚಿತ್ರದಲ್ಲಿ ನೀರು ಏರಿಸಿ ಇಳಿಸಿ, ಕೋನ, ಲೀಟರು ಎಂದೆಲ್ಲ ಉಸಿರು ಕಟ್ಟಿ ಹೇಳಿದೆ. ಅವರು ಕೈ ಅಡ್ಡ ಮಾಡಿದರು.

"ಆ ಪೆಟಗಿ ಮುಚ್ಚಬೇ. ಅದರಾಗ ಏನ್ ಬೇಕಾದ್ ತೋರಸ್ತಾರ. ಕೋಲು ನೀನೇ ಅಳದಿದ್ದಿ. ನೆನಪದ ಇಲ್ಲೋ?"

"ಅದೇ ನೆನಪು ಕಡ್ಯಾಕತ್ತದ ಮುತ್ಯಾ. ಕೋಲು ಬರೋಬರ್ ಇತ್ತು. ನಾನೇ ಬರೋಬರ್ ಇರಲಿಲ್ಲ."

ಹೇಗೆ ತಿಳಿಸಲಿ ಎಂದು ಆಚೀಚೆ ನೋಡಿದೆ. ಅವರ ತಟ್ಟೆಯ ಪಕ್ಕದಲ್ಲಿ ಬಿಸಿ ಜೋಳದ ರೊಟ್ಟಿ ಇತ್ತು, ಮೆತ್ತಗಿನದು, ಚಂದಿರನಷ್ಟು ದುಂಡಗೆ. ಹೊಳೆದುಬಿಟ್ಟಿತು! "ಮುತ್ಯಾ, ನಿಮ್ಮ ದಾರ ತಗೀರಿ. ಟ್ಯಾಂಕಿಗೆ ಮಡಚಿದ್ರಲ್ಲ, ಹಂಗೇ ಈ ರೊಟ್ಟಿಗೆ ಮಡಚ್ರಿ."

ಮನಸ್ಸಿಲ್ಲದ ಮನಸ್ಸಿನಿಂದ ಧೋತರದ ಅಂಚಿನಿಂದ ಒಂದು ಎಳೆ ಕಿತ್ತರು. ರೊಟ್ಟಿಯ ಈ ಅಂಚಿನಿಂದ ಆ ಅಂಚಿಗೆ ಹಿಡಿದು, ಎರಡು ಸಲ ಮಡಚಿ, ಉಗುರಿನಿಂದ ಮೂರು ಗುರುತು ಮಾಡಿದರು. ಗುರುತಿಗೆ ಸರಿಯಾಗಿ ನಾನು ಚಾಕುವಿನಿಂದ ನೆಟ್ಟಗೆ ಕೊಯ್ದೆ. ನಾಲ್ಕು ಪಟ್ಟಿಗಳಾದವು. ನಡುವಿನವೆರಡು ಉದ್ದಗೆ, ತುಂಬಿಕೊಂಡು ಇದ್ದವು. ಅಂಚಿನವೆರಡು ಮೀನಿನ ಬೆನ್ನಿನಂತೆ ಸಣ್ಣಗೆ ಇದ್ದವು.

"ನಾಲ್ಕು ಮಂದಿಗೆ ಸಮ ಹಂಚೀರಿ. ಈಗ ಹೇಳ್ರಿ, ಅಂಚಿನ ತುಂಡು ಯಾರಿಗೆ?"

ಮುತ್ಯಾ ಅಂಚಿನ ತುಂಡನ್ನು ಕೈಗೆತ್ತಿಕೊಂಡರು. ನಡುವಿನ ತುಂಡಿನ ಮೇಲೆ ಇಟ್ಟು ನೋಡಿದರು. ತಿರುಗಿಸಿ ಇನ್ನೊಮ್ಮೆ ಇಟ್ಟು ನೋಡಿದರು.  ಆಮೇಲೆ ಎರಡನ್ನೂ ತಟ್ಟೆಗಿಟ್ಟರು.

"ಇಷ್ಟು ವರ್ಷ ನಿಮ್ಮ ಓಣಿಗೆ ನಾ ಅಂಚಿನ ತುಂಡು ಕೊಟ್ಟೇನಲ್ಲ ಯವ್ವಾ."

"ನೀವು ಮೋಸ ಮಾಡಿಲ್ರಿ. ಸಾಕ್ಷಿ ಹೇಳಿದಾಕಿ ನಾನು."

ಅವರು ಎದ್ದು ಒಳಗೆ ಹೋಗಿ ಕೋಲು ತಂದರು. ಜೊತೆಗೆ ಕುಡುಗೋಲು. "ಎಲ್ಲಿ ಗೀರು ಹಾಕಬೇಕು, ತೋರಸು." ನಾನು ಟೇಪ್ ಹಿಡಿದು ತೋರಿಸಿದೆ. ಹಳೆಯ ಗೀರಿನ ಮೇಲೆ ಅವರು ಮಣ್ಣು ಮೆತ್ತಿ ಮುಚ್ಚಿದರು, ಹೊಸದನ್ನು ಎರಡರಷ್ಟು ಆಳಕ್ಕೆ ಕಡಿದರು. ಅಷ್ಟಕ್ಕೆ ಸುಮ್ಮನಾಗದೆ, ಟ್ಯಾಂಕರ್ ಬಂದಾಗ ಅಗಸಿಯಲ್ಲಿ ರೊಟ್ಟಿಯ ನಾಲ್ಕು ತುಂಡುಗಳನ್ನೂ ತಟ್ಟೆಯಲ್ಲಿಟ್ಟುಕೊಂಡು ನಿಂತರು. ಗೊಣಗಲು ಬಂದವರಿಗೆಲ್ಲ, "ನಿನಗ ಯಾವುದು ಬೇಕು, ತಗೊ," ಎಂದು ತಟ್ಟೆ ಚಾಚಿದರು. ಒಬ್ಬನೂ ಅಂಚಿನ ತುಂಡಿಗೆ ಕೈ ಹಾಕಲಿಲ್ಲ. ಆಮೇಲೆ ಯಾರೂ ಗೊಣಗಲಿಲ್ಲ.

ನಾನು ಮನೆಗೆ ಓಡಿದೆ. ಅವ್ವ ಕೊಡ ತೊಳೆದು ಬಾವಿಗೆ ಹೊರಟಿದ್ದಳು. ಬಾಗಿಲಲ್ಲೇ ಅಡ್ಡ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಫಜಲಪುರದ ಮೀಟರ್, ಅರವತ್ತು ಡಿಗ್ರಿ, ಜೇವರ್ಗಿಯ ಕುತ್ತಿಗೆ, ರೊಟ್ಟಿ, ಹದಿನೆಂಟು. "ಅವ್ವಾ, ನಿನ್ನ ಎಣಿಕಿ ಖರೇ ಇತ್ತು. ನಾ ತಪ್ಪು ಹೇಳಿದ್ದೆ. ಊರ ಮುಂದ ತಪ್ಪು ಹೇಳಿದ್ದೆ," ಎಂದೆ.

ಅವ್ವ ಕೇಳಿದಳು. ಆಶ್ಚರ್ಯ ಪಡಲಿಲ್ಲ. ಅವಳಿಗೆ ಇದರಲ್ಲಿ ಹೊಸತೇನಿತ್ತು? "ಹಂಗಾದ್ರ ಈಗ ಎಂಬತ್ಮೂರು ಬರ್ತಾವೇನು?" ಎಂದಳು.

"ಬರಬೇಕು."

ಅವಳು ಒಳಗೆ ಹೋಗಿ ಡಬ್ಬಿಯಿಂದ ಒಂದು ಹಿಡಿ ತೊಗರಿ ಕಾಳು ಸೆರಗಿಗೆ ಸುರಿದುಕೊಂಡಳು. ಹಿತ್ತಾಳೆ ಬಟ್ಟಲು ಹುಡುಕಿ ತೆಗೆದು ಒರೆಸಿದಳು. ನನ್ನ ಕಡೆ ನೋಡದೆ ಓಣಿಗೆ ನಡೆದಳು.

ಟ್ಯಾಂಕರ್ ವಿಹಾರದ ಮುಂದೆ ಬಂದು ನಿಂತಿತು. ಹಿಂದೆಯೇ ಮುತ್ಯಾ ಕೋಲು ಊರಿಕೊಂಡು ಬಂದರು, ಅವರ ಹಿಂದೆ ಅಗಸಿಯ ಅರ್ಧ ಜನ. ಅವ್ವ ಪೈಪಿನ ಪಕ್ಕದ ಕಲ್ಲಿನ ಮೇಲೆ ಕೂತಳು. ಅವಳ ಸ್ವಂತ ಕೊಡ ದೂರದಲ್ಲಿ, ಖಾಲಿ. ಒಂದು ಕೊಡ, ಒಂದು ಕಾಳು. ಟಣ್. ಇಪ್ಪತ್ತಾದವು, ನಲವತ್ತಾದವು. ಅರವತ್ತೈದನೆಯ ಕೊಡ ಬಂದಾಗ ನಾನು ಬಗ್ಗಿ ಪೈಪನ್ನೇ ನೋಡಿದೆ. ನೀರು ಜೋರಾಗಿಯೇ ಬರುತ್ತಿತ್ತು. ಅರವತ್ತಾರು! ಓಣಿಯ ಹೆಂಗಸರು ಕೇಕೆ ಹಾಕಿದರು. ಎಪ್ಪತ್ತು, ಎಪ್ಪತ್ತೈದು. ಎಪ್ಪತ್ತೊಂಬತ್ತಕ್ಕೆ ಧಾರೆ ಸಣ್ಣದಾಯಿತು.  ಪುಟದ ಲೆಕ್ಕ ಸರಿಯೇ, ಆದರೆ ತಳದಲ್ಲಿ ಕೆಸರು ಎಷ್ಟಿದೆಯೋ, ಟ್ಯಾಂಕ್ ಓರೆ ನಿಂತಿದೆಯೋ, ಯಾರಿಗೆ ಗೊತ್ತು? ಮತ್ತೊಮ್ಮೆ ಅವ್ವನನ್ನು ಊರ ಮುಂದೆ ತಂದು ನಿಲ್ಲಿಸಿದೆನೇ? ಡ್ರೈವರ್ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳನ್ನು ಚಪ್ಪಡಿಯ ಮೇಲೆ ಹತ್ತಿಸಿದ. ಟ್ಯಾಂಕ್ ಹಿಂದಕ್ಕೆ ವಾಲಿತು, ಧಾರೆ ಮತ್ತೆ ದಪ್ಪಗಾಯಿತು. ಎಂಬತ್ತು. ಎಂಬತ್ತೊಂದು. ಎಂಬತ್ತೆರಡು.

ಸಾಲಿನಲ್ಲಿ ಇನ್ನೂ ಕೊಡಗಳಿದ್ದವು. ಆದರೆ ಯಾರೂ ಮುಂದೆ ಬರಲಿಲ್ಲ. ಮುತ್ಯಾನೇ ಹೋಗಿ ಅವ್ವನ ಖಾಲಿ ಕೊಡ ಎತ್ತಿ ತಂದು ಪೈಪಿನ ಕೆಳಗಿಟ್ಟರು. "ತುಂಬಸ್ಕೊಳವ್ವ. ಇದು ನಿನ್ನದು," ಎಂದರು.

ಅವ್ವ ಬೇಡವೆನ್ನಲಿಲ್ಲ. ಕೊಡ ನಿಧಾನವಾಗಿ ತುಂಬಿತು, ಕಂಠದವರೆಗೆ ಬಂತು, ತುಳುಕಿತು. ಪೈಪು ಗೊರಗೊರ ಎಂದದ್ದು ಅದರ ನಂತರ. ಮಿಕ್ಕ ಒಂದೆರಡು ಚೊಂಬು ನೀರನ್ನು ಯಾರೋ ವಿಹಾರದ ಮುಂದಿನ ಅರಳಿ ಸಸಿಗೆ ಹಾಕಿದರು.

ಅವ್ವ ಕೊನೆಯ ಕಾಳನ್ನು ಬಟ್ಟಲಿಗೆ ಹಾಕಿ ನನ್ನ ಕಡೆ ತಿರುಗಿದಳು. "ನಿನ್ನ ಪೆಟಗಿ ಎಷ್ಟ್ ಹೇಳಿತ್ತು?"

"ಎಂಬತ್ಮೂರು, ಅವ್ವಾ."

ಅವಳು ಬಟ್ಟಲನ್ನು ಒಮ್ಮೆ ಅಲ್ಲಾಡಿಸಿದಳು, ಊರ ಜನರ ಮುಂದೆ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಿನ್ನ ಪೆಟಗಿ ಬರೋಬರ್ ಅದ."

ಕೊಡ ಸೊಂಟಕ್ಕೇರಿಸಿ ಮನೆಯ ಕಡೆ ನಡೆದಳು. ನಾನು ಬಟ್ಟಲು ಹಿಡಿದುಕೊಂಡು ಅವಳ ಹಿಂದೆ ಹೋದೆ.